ನಿರ್ಭಯವೆಂದು ಬರೆದ ದಿನಗಳು

ಶಾಲಿವಾಹನ ಶಕ ೨೧೬೪, ಚಿತ್ರಭಾನು ಸಂವತ್ಸರ,
ಆಶ್ವಯುಜ ಶುದ್ಧ ಷೋಡಶಿ.
ಮುದೇನಕಟ್ಟೆ, ತುಂಗಭದ್ರಾ ತೀರ.

ಪೂಜ್ಯರಾದ ವಿರೂಪಾಕ್ಷ ಜೋಯಿಸರ ಸನ್ನಿಧಿಗೆ, ತಮ್ಮ ವಂಶದಲ್ಲಿ ತಮ್ಮಿಂದ ಏಳನೆಯ ತಲೆಮಾರಿನವನಾದ ತ್ರಿಯಂಬಕ ಜೋಯಿಸನು ಮಾಡುವ ಸಾಷ್ಟಾಂಗ ಪ್ರಣಾಮಗಳು.

ಮೇಲಿನ ತಿಥಿಯನ್ನು ಕಂಡೊಡನೆ ತಾವು ಹುಬ್ಬು ಗಂಟಿಕ್ಕಿರುತ್ತೀರಿ. ಪಕ್ಷಕ್ಕೆ ಹದಿನೈದೇ ತಿಥಿಗಳೆಂಬುದು ನಮ್ಮ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ. ಹುಣ್ಣಿಮೆಯ ಮರುದಿನ ಬಹುಳ ಪಾಡ್ಯವಾಗಬೇಕೇ ಹೊರತು ಷೋಡಶಿಯಾಗುವಂತಿಲ್ಲ. ಪಂಚಾಂಗ ಬರೆಯುವ ಮನೆತನದವನು ಆಕಾಶದಲ್ಲಿಲ್ಲದ ತಿಥಿಯನ್ನು ಕಾಗದದ ತಲೆಯ ಮೇಲೆ ಬರೆದುದಕ್ಕೆ ಮೊದಲು ಕ್ಷಮೆ ಬೇಡುತ್ತೇನೆ. ಅದು ಹೇಗೆ ಬಂತೆಂಬುದನ್ನು ಮುಂದೆ ಅರಿಕೆ ಮಾಡುತ್ತೇನೆ. ನನ್ನ ಭಾಷೆಯೂ ತಮಗೆ ಒಂದಿಷ್ಟು ವಿಚಿತ್ರವೆನಿಸೀತು. ತಮ್ಮ ಕಾಲದ ಅನೇಕ ಮಾತುಗಳು ನಮ್ಮಲ್ಲಿ ಸವೆದುಹೋಗಿವೆ, ನಮ್ಮ ಕೆಲವು ಮಾತುಗಳು ತಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಸಂಬೋಧನೆಯದೂ ಒಂದು ತೊಡಕು. ವಂಶದಲ್ಲಿ ತಾವು ನನಗೆ ಹಿರಿಯರು. ಆದರೆ ಈ ಕಾಗದ ತಲುಪಬೇಕಾದ ದಿನ ತಮಗೆ ಮೂವತ್ತನಾಲ್ಕು ವರ್ಷ, ಬರೆಯುತ್ತಿರುವ ನನಗೆ ಎಂಬತ್ತೊಂದು. ಆದ್ದರಿಂದ ಎಲ್ಲಿಯಾದರೂ ನನ್ನ ಮಾತು ಗದರಿದಂತೆ ಕೇಳಿಸಿದರೆ, ವಯಸ್ಸಿನ ದೋಷವೆಂದು ಎಣಿಸಿ ಮನ್ನಿಸಬೇಕು.

ಕಾಗದದ ಆರಂಭದಲ್ಲಿ ‘ಇತ್ತ ಎಲ್ಲರೂ ಕ್ಷೇಮ’ ಎಂದು ಬರೆಯುವುದು ಪದ್ಧತಿ. ಎರಡು ವರ್ಷಗಳಿಂದ ಆ ಮಾತನ್ನು ಮನೆಯವರೆಲ್ಲರ ಮುಖ ನೋಡಿ, ವಿಚಾರಿಸಿ, ಆಮೇಲೆ ಬರೆಯುತ್ತೇನೆ. ಈ ದಿನ ವಿಚಾರಿಸಿದ್ದಾಯಿತು. ಇತ್ತ ಎಲ್ಲರೂ ಕ್ಷೇಮ.

ತಾವು ಸ್ನಾನ ಮಾಡುವ ಹೊಳೆ ಇಲ್ಲಿ ಇನ್ನೂ ಹರಿಯುತ್ತಿದೆ, ಆದರೆ ಬಿಸಿಲಿಗೆ ಮೈಯೊಡ್ಡಿ ಹರಿಯುವುದಿಲ್ಲ. ದಡದಿಂದ ದಡಕ್ಕೆ ತೆಳುವಾದ ಹಾಳೆಗಳನ್ನು ಎಳೆದು ಕಟ್ಟಿದ್ದಾರೆ. ನೀರು ಆವಿಯಾಗದಂತೆ ಕಾಯುವ, ಸೂರ್ಯನಿಂದ ವಿದ್ಯುತ್ತನ್ನು ಹೀರುವ ಈ ಹೊದಿಕೆಗೆ ನೆರಳುಹಾಸು ಎಂದು ಹೆಸರು. ಧೂಳು ಕುಳಿತರೆ ಅದು ಮಂಕಾಗುವುದರಿಂದ ಊರೂರಿಗೂ ಹಾಸು ತೊಳೆಯುವವರಿದ್ದಾರೆ. ಬೇಸಿಗೆಯ ನಾಲ್ಕು ತಿಂಗಳು ಬೆಳಗಿನ ನಾಲ್ಕು ಘಳಿಗೆ ಕಳೆದರೆ ಯಾರೂ ಬಾಗಿಲಾಚೆ ಕಾಲಿಡುವಂತಿಲ್ಲ; ಮಿಕ್ಕ ತಿಂಗಳುಗಳಲ್ಲಿ ನಡುಹಗಲಷ್ಟೇ ನಿಷಿದ್ಧ. ಹೊರಗೆ ಹೋಗಬಹುದಾದ ಹೊತ್ತಿಗೆ ನಾವು ಹೊರಗಾಲ ಎನ್ನುತ್ತೇವೆ. ರಾಹುಕಾಲ ಗುಳಿಕಕಾಲಗಳ ಪಕ್ಕದಲ್ಲಿ ಹೊರಗಾಲದ ಕೋಷ್ಟಕವನ್ನೂ ಅಚ್ಚು ಮಾಡುವುದರಿಂದಲೇ ನಮ್ಮ ಮನೆಯ ಪಂಚಾಂಗ ಇಂದಿಗೂ ಪ್ರತಿ ಮನೆಯ ಮೊಳೆಯಲ್ಲಿ ತೂಗುತ್ತಿದೆ. ದೇವರ ಮನೆ ತಾವು ಬಿಟ್ಟಂತೆಯೇ ಇದೆ. ನಟರಾಜನ ವಿಗ್ರಹದ ಪಾದದ ಕೆಳಗೆ ಆ ಕುಳ್ಳ ದೇಹದ ಅಸುರ ಅಪಸ್ಮಾರನೂ ಇದ್ದಾನೆ.

ಅಪಸ್ಮಾರವೆಂಬ ಮೂರ್ಛೆಯ ವ್ಯಾಧಿಯೂ ಲೋಕದಿಂದ ಹೋಗಿಲ್ಲ. ನನ್ನ ಮೊಮ್ಮಗಳು ಉತ್ಪಲೆಗೆ ಹನ್ನೊಂದನೆಯ ವಯಸ್ಸಿನಲ್ಲಿ ಅದು ಕಾಣಿಸಿಕೊಂಡಿತು. ಆದರೆ ತಮ್ಮ ಕಾಲದಂತೆ ಅದು ಹೇಳದೆ ಕೇಳದೆ ಬಂದು ಕೆಡಹುವುದಿಲ್ಲ. ಕಿವಿಯ ಹಿಂದೆ ರಾಗಿಕಾಳಿನಷ್ಟು ಚಿಕ್ಕ ಮಣಿಯೊಂದನ್ನು ಅಂಟಿಸುತ್ತಾರೆ. ಮೂರ್ಛೆ ಬರುವ ಅರ್ಧ ಘಳಿಗೆ ಮೊದಲೇ ಅದು ಚರ್ಮದಲ್ಲಿ ಗುನುಗುತ್ತದೆ. ಅದಕ್ಕೆ ಮುನ್ನರಿವು ಎಂದು ಹೆಸರು. ಅಷ್ಟರಲ್ಲಿ ನೆಲದ ಮೇಲೆ ಮಲಗಬಹುದು, ಮನೆಯವರು ಮಗ್ಗುಲಿಗೆ ಹೊರಳಿಸಿ ಪಕ್ಕದಲ್ಲಿ ಕೂರಬಹುದು. ಔಷಧಗಳೂ ಸುಧಾರಿಸಿವೆ. ಮೂರ್ಛೆ ಹೋದವರ ಕೈಗೆ ಕಬ್ಬಿಣದ ಕೀಲಿಕೈ ತುರುಕುವುದನ್ನೂ, ಬಾಯಿಗೆ ಏನನ್ನಾದರೂ ಇಡುವುದನ್ನೂ ಜನ ಮರೆತೇಬಿಟ್ಟಿದ್ದಾರೆ. ಇಷ್ಟೆಲ್ಲ ಗೆದ್ದ ಮೇಲೂ ನಾವು ಎಲ್ಲಿ ಎಡವಿದೆವೆಂಬುದನ್ನು ಹೇಳಲಿಕ್ಕೇ ಈ ಕಾಗದ. ಎಡವಿದ್ದು ತಾವು ಬರೆದಿಟ್ಟ ಒಂದು ಶಬ್ದದ ಮೇಲೆ.

ವಿಶ್ವಾವಸು ಸಂವತ್ಸರದ, ಎಂದರೆ ತಮ್ಮ ಶಕ ೧೯೪೭ರ, ಪಂಚಾಂಗದ ಒಂದು ಪ್ರತಿ ನಮ್ಮ ಪೆಟ್ಟಿಗೆಯಲ್ಲಿದೆ. ಅದರ ಅಂಚಿನಲ್ಲಿ, ತಿಥಿಗಳ ಎದುರು, ತಾವು ಸಣ್ಣ ಅಕ್ಷರದಲ್ಲಿ ಅಲ್ಲಲ್ಲಿ ‘ಮೂ’ ಎಂದು ಬರೆದಿದ್ದೀರಿ. ತಮ್ಮ ತಮ್ಮನಾದ ಚಂದ್ರಮೌಳಿಗೆ ಮೂರ್ಛೆ ಬಂದ ದಿನಗಳವು. ಅವು ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲೇ ಬರುತ್ತವೆಂದು ತಾವು ಭಾವಿಸಿ, ಉಳಿದ ತಿಥಿಗಳ ಎದುರು ‘ನಿರ್ಭಯ’ ಎಂದು ಬರೆದಿರಿ. ಆ ದಿನಗಳಲ್ಲಿ ಮನೆಯವರು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಹುದೆಂಬುದು ತಮ್ಮ ಆಶಯ. ಅಣ್ಣನ ಪ್ರೀತಿಯಲ್ಲದೆ ಅದರಲ್ಲಿ ಬೇರೇನೂ ಇರಲಿಲ್ಲ. ಚಂದ್ರನ ಲೆಕ್ಕ ಸುಳ್ಳೆಂದು ಮುಂದೆ ತಿಳಿಯಿತಾದರೂ ಆ ಶಬ್ದ ಮಾತ್ರ ಮನೆಯಲ್ಲಿ ಉಳಿಯಿತು. ನಮ್ಮ ವಂಶದಲ್ಲಿ ಯಾರಿಗೆ ಈ ವ್ಯಾಧಿ ಬಂದರೂ ಅಂಚಿನಲ್ಲಿ ‘ಮೂ’ ಬರೆಯುವುದು, ಬಾರದ ದಿನಕ್ಕೆ ನಿರ್ಭಯದಿನವೆನ್ನುವುದು ಆಚಾರವಾಯಿತು. ಉತ್ಪಲೆಯ ಅಂಚನ್ನು ನಾನೇ ಬರೆಯುತ್ತಿದ್ದೆ.

ಎರಡು ವರ್ಷಗಳ ಹಿಂದೆ ಅವಳಿಗೆ ಹದಿನಾಲ್ಕು ತಿಂಗಳು ಸತತವಾಗಿ ಮೂರ್ಛೆ ಬರಲಿಲ್ಲ. ನಾನು ಮೃತ್ಯುಂಜಯ ಹೋಮ ಮಾಡಿಸಿ, ಊರಿಗೆಲ್ಲ ಗೋಧಿ ಪಾಯಸ ಹಂಚಿಸಿದೆ. ಆಗ ಅವಳಿಗೆ ಇಪ್ಪತ್ಮೂರು. ಗಣಿತದಲ್ಲಿ ನನ್ನನ್ನು ಮೀರಿಸಿದವಳು; ಗ್ರಹಣ ಹಿಡಿಯುವ ಹೊತ್ತನ್ನು ಕವಡೆ ಜೋಡಿಸಿ ಬಾಯಲ್ಲೇ ಎಣಿಸಿ ಹೇಳುತ್ತಿದ್ದಳು. ಅದೇ ವರ್ಷದ ಶ್ರಾವಣದಲ್ಲಿ ಅವಳ ಔಷಧ ಬದಲಾಗಿತ್ತು. ಭಾದ್ರಪದದಲ್ಲಿ, ಮಕ್ಕಳ ಎದುರು ಬಿದ್ದರೆ ಗತಿಯೇನೆಂಬ ನೆಪದಿಂದ, ಅವಳು ಗಣಿತ ಕಲಿಸುತ್ತಿದ್ದ ಶಾಲೆಯವರು ಅವಳನ್ನು ಬರಬೇಡವೆಂದಿದ್ದರು. ಅವಳು ತಡವಾಗಿ ಏಳತೊಡಗಿದಳು. ಊಟದಲ್ಲಿ ಅರ್ಧ ಬಿಡತೊಡಗಿದಳು. ನಾನು ಅಂಚಿನಲ್ಲಿ ನಿರ್ಭಯ, ನಿರ್ಭಯ, ನಿರ್ಭಯ ಎಂದು ಬರೆಯುತ್ತ ಹೋದೆ.

ಆಶ್ವಯುಜ ಬಂತು. ಒಂದು ಬೆಳಿಗ್ಗೆ ಅವಳು ತನ್ನ ರೇಷ್ಮೆ ಸೀರೆಯನ್ನು ತಾಯಿಯ ಪೆಟ್ಟಿಗೆಯಲ್ಲಿಟ್ಟು, ತನ್ನ ಪುಸ್ತಕಗಳಿಗೆ ಬೇರೆ ಬೇರೆಯವರ ಹೆಸರು ಬರೆದು, ಕವಡೆಯ ಚೀಲವನ್ನು ನಮ್ಮ ಮನೆಗೆ ಬರುತ್ತಿದ್ದ ಕರಿಬಸಮ್ಮನ ಕೈಗೆ ಕೊಟ್ಟಳು. ಕರಿಬಸಮ್ಮ ನೆರಳುಹಾಸು ತೊಳೆಯುವವಳು. ಹೊರಗಾಲ ಮುಗಿದ ಮೇಲೆ ನಮ್ಮ ಜಗುಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದು, ಬಿಸಿಲು ತಗ್ಗುವವರೆಗೆ ಹರಟುವುದು ವಾಡಿಕೆ. ಪೂಜ್ಯರೇ, ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಬರೆಯುತ್ತೇನೆ. ಮೊಮ್ಮಗಳು ತನ್ನ ವಸ್ತುಗಳನ್ನೆಲ್ಲ ಹಂಚಿಬಿಡುವುದನ್ನು ಕಂಡು ನನಗೆ ಕಣ್ಣು ತುಂಬಿ ಬಂತು. ಶೋಕದಿಂದಲ್ಲ, ಸಂತೋಷದಿಂದ. ಇಷ್ಟು ಎಳೆಯ ವಯಸ್ಸಿನಲ್ಲಿ ಇಂಥ ವೈರಾಗ್ಯವೇ ಎಂದು ಬೆರಗಾದೆ. ಜನ್ಮಾಂತರದ ಸಂಸ್ಕಾರವೆಂದು ಮನೆಯವರ ಎದುರು ಕೊಂಡಾಡಿದೆ. ಬೇರೆ ಯಾವ ಮನೆಯಲ್ಲಾದರೂ ಯಾರಾದರೂ ಗಾಬರಿಯಾಗುತ್ತಿದ್ದರು. ಅರುವತ್ತು ವರ್ಷ ವೇದಾಂತ ಓದಿದ ನನಗೆ ಮಾತ್ರ ಅದು ಗುಣವಾಗಿ ಕಂಡಿತು.

ಕರಿಬಸಮ್ಮ ಅದೇ ದಿನ ಮಧ್ಯಾಹ್ನ, ಬಿಸಿಲಲ್ಲಿ ಒದ್ದೆ ಗೋಣಿ ತಲೆಗೆ ಹೊದ್ದು, ಕವಡೆಯ ಚೀಲ ಹಿಡಿದು ವಾಪಸು ಬಂದಳು. ನಾನು ಜಗುಲಿಯಲ್ಲಿ ಮುಂದಿನ ವರ್ಷದ ಸಂಕ್ರಾಂತಿ ಗಣಿಸುತ್ತಿದ್ದೆ. “ಏನ್ ಜೋಯಿಸ್ರೇ, ಚುಕ್ಕಿ ನೋಡಾಕ ಕಣ್ಣೈತಿ, ಮೊಮ್ಮಗಳ ಮಾರಿ ನೋಡಾಕ ಇಲ್ಲೇನು?” ಎಂದಳು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಉತ್ಪಲೆಯ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಾತುಗಳಿವು.

“ಯವ್ವಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಬದುಕಿದ್ದು ಸಾಕು ಅನ್ನಿಸೈತೇನು? ಸಾಯಬೇಕು ಅಂತ ಮನಸಿಗೆ ಬಂದೈತೇನು?”

ನಾನು ಶಿವ ಶಿವಾ ಎಂದು ಕಿವಿ ಮುಚ್ಚಿಕೊಂಡೆ. ದೇವರ ದೀಪ ಉರಿಯುತ್ತಿರುವಾಗ ಇದೆಂಥ ಅಶುಭ ಮಾತು, ಇಲ್ಲದ್ದನ್ನು ಹುಡುಗಿಯ ತಲೆಯಲ್ಲಿ ಬಿತ್ತುತ್ತೀಯಾ ಎಂದು ಗದರಿದೆ. ಕರಿಬಸಮ್ಮ ನನ್ನ ಕಡೆ ತಿರುಗಲೂ ಇಲ್ಲ. ಉತ್ಪಲೆ ಮೆಲ್ಲಗೆ ಹೇಳಿದಳು: “ಹೌದು ಕರಿಬಸಮ್ಮಕ್ಕ. ಒಂದು ತಿಂಗಳಾಯ್ತು. ಯಾರಾದರೂ ಕೇಳ್ತಾರೇನೋ ಅಂತ ಕಾದೆ. ಎಲ್ಲರೂ ಬಂದು, ಇವತ್ತೂ ಬೀಳಲಿಲ್ಲ ಅಲ್ವಾ, ಅಂತ ಅಷ್ಟೇ ಕೇಳ್ತಾರೆ.”

ಆಮೇಲೆ ನನ್ನ ಕಡೆ ನೋಡಿದಳು. “ಅಜ್ಜ, ಅಂಚಿನಲ್ಲಿ ದಿನಾ ನಿರ್ಭಯ ಅಂತ ಬರೀತೀರಲ್ಲ, ಅದು ಯಾರಿಗೆ ನಿರ್ಭಯ?” ಎಂದಳು.

ಅವಳೇ ಮುಂದುವರಿದಳು: “ಶಿವರಾತ್ರಿಗೊಮ್ಮೆ ಪ್ರವಚನದಲ್ಲಿ ನಟರಾಜ ಅಪಸ್ಮಾರನನ್ನು ಹೇಗೆ ತುಳಿದ ಅಂತ ವರ್ಣಿಸ್ತೀರಿ. ಹನ್ನೆರಡು ವರ್ಷದಿಂದ ಕೇಳ್ತಾ ಇದೀನಿ. ಎಲ್ಲರೂ ಆ ಕಾಲು ನೋಡ್ತಾರೆ. ನನಗೆ ಕೆಳಗೆ ಬಿದ್ದಿರೋನೇ ನಾನು ಅನ್ನಿಸ್ತದೆ.”

ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಕರಿಬಸಮ್ಮ ಅವಳ ಕೈಯನ್ನು ಬಿಡದೆ, “ಹಂಗಾದ್ರ ಇವತ್ತು ನಾ ಮನಿಗೆ ಹೋಗಂಗಿಲ್ಲ. ನಿಮ್ಮನಿ ಸಪ್ಪನ್ ಸಾರು ನುಂಗಾದು ಒಂದ್ ತಪಸ್ಸು, ಆದ್ರೂ ಇಲ್ಲೇ ಉಣ್ತೀನಿ. ನಿನ್ನನ್ನ ಒಬ್ಬಾಕಿನ್ನ ಬಿಡಂಗಿಲ್ಲ” ಎಂದಳು. ಉತ್ಪಲೆ ಅತ್ತಳು; ಅಳುತ್ತಲೇ, ಸಾರಿನ ಮಾತಿಗೆ ಸ್ವಲ್ಪ ನಕ್ಕಳು. ಆ ನಗೆ ಕಂಡ ಮೇಲೆಯೇ ಅವಳು ಎಷ್ಟು ದಿನದಿಂದ ನಕ್ಕಿರಲಿಲ್ಲವೆಂಬುದು ನನಗೆ ಹೊಳೆದದ್ದು. ಅಂಥ ಲೆಕ್ಕವನ್ನು ನಾನು ಯಾವ ಅಂಚಿನಲ್ಲಿಯೂ ಇಟ್ಟಿರಲಿಲ್ಲ.

ಬಿಸಿಲು ತಗ್ಗುತ್ತಲೇ ಅವಳನ್ನು ಮೂರ್ಛೆಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯೆಯ ಬಳಿಗೆ ಕರೆದೊಯ್ದೆವು. ಆಕೆ ಮೊದಲು ಉತ್ಪಲೆಯೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದಳು. ಅನಂತರ ನಮ್ಮನ್ನು ಕರೆದಳು. “ಮಿದುಳಿನ ಒಂದೇ ಅಂಗಳದಲ್ಲಿ ಮೂರ್ಛೆಯೂ ಓಡಾಡ್ತದೆ, ಈ ಭಾರವೂ ಓಡಾಡ್ತದೆ. ಒಂದು ನಿಂತ ಮಾತ್ರಕ್ಕೆ ಇನ್ನೊಂದು ನಿಂತಿತು ಅಂತಲ್ಲ, ಜೋಯಿಸರೇ. ಈ ವ್ಯಾಧಿ ಇರೋರಲ್ಲಿ ಬದುಕು ಬೇಡ ಅನ್ನಿಸೋದು ಉಳಿದವರಿಗಿಂತ ಹೆಚ್ಚು. ಕೆಲವರಿಗೆ ಔಷಧವೂ ಮನಸ್ಸನ್ನು ಕುಗ್ಗಿಸ್ತದೆ. ಅದನ್ನು ನಾನು ಬದಲಾಯಿಸ್ತೇನೆ. ನೀವಾಗಿ ಮಾತ್ರ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ” ಎಂದಳು. ಬಾಯಿಬಿಟ್ಟು ವಿಚಾರಿಸಿದರೆ ಇಲ್ಲದ ಯೋಚನೆ ಹುಟ್ಟುತ್ತದೆಯಲ್ಲವೇ ಎಂಬ ನನ್ನ ಸಂಶಯವನ್ನು ಮುಂದಿಟ್ಟೆ. “ಹುಟ್ಟೋದಿಲ್ಲ. ಒಳಗೆ ಇರೋದಕ್ಕೆ ಹೊರಗೆ ಬರೋ ಬಾಗಿಲು ಸಿಗ್ತದೆ, ಅಷ್ಟೆ” ಎಂದಳು. ಮನಸ್ಸಿನ ಚಿಕಿತ್ಸೆ ಮಾಡುವ ಇನ್ನೊಬ್ಬರನ್ನೂ ಆ ದಿನವೇ ಕರೆಸಿದಳು. ಯಾವ ವಸ್ತುಗಳು ಅವಳ ಕೈಗೆ ಸಿಗಬಾರದೋ ಅವನ್ನು ಮನೆಯಿಂದ ದೂರ ಮಾಡಿಸಿದಳು. ಸರದಿಯಂತೆ ಯಾರಾದರೊಬ್ಬರು ಜೊತೆಗಿರಬೇಕೆಂದು ವಿಧಿಸಿದಳು.

ಒಂದೇ ದಿನದಲ್ಲಿ ಎಲ್ಲ ತಿಳಿಯಾಯಿತೆಂದು ಬರೆದರೆ ಸುಳ್ಳಾದೀತು. ಮಾಘದಲ್ಲಿ ಎರಡು ಸಲ ಮೂರ್ಛೆ ಬಂತು. ಫಾಲ್ಗುಣದಲ್ಲಿ ಅವಳು ಹದಿನೈದು ದಿನ ಯಾರೊಡನೆಯೂ ಮಾತಾಡಲಿಲ್ಲ. ಜ್ಯೇಷ್ಠದಲ್ಲಿ, ಒಂದು ಬೆಳಿಗ್ಗೆ, ನನ್ನ ಸೂರ್ಯೋದಯದ ಗಣಿತದಲ್ಲಿ ಎರಡು ವಿಘಳಿಗೆ ತಪ್ಪಿದೆಯೆಂದು ತೋರಿಸಿದಳು. ಆ ತಪ್ಪು ಕಂಡು ನಾನು ಪಟ್ಟಷ್ಟು ಸಂತೋಷವನ್ನು ಹೋಮದ ಪೂರ್ಣಾಹುತಿಯಲ್ಲೂ ಪಟ್ಟಿರಲಿಲ್ಲ. ಕರಿಬಸಮ್ಮ ಅಲ್ಲಿಯವರೆಗೆ ತನ್ನಲ್ಲೇ ಜೋಪಾನವಾಗಿಟ್ಟಿದ್ದ ಕವಡೆ ಚೀಲವನ್ನು ಅದೇ ವಾರ ಉತ್ಪಲೆ ಮರಳಿ ಪಡೆದಳು. ಒಂದೇ ಒಂದು ಕವಡೆಯನ್ನು ಮಾತ್ರ ಅವಳಲ್ಲೇ ಬಿಟ್ಟಳು. “ಇದನ್ನ ತೋರಿಸಿ ಕೇಳಿದ್ರೆ ನಾನು ನಿಂಗೆ ಸುಳ್ಳು ಹೇಳೋದಿಲ್ಲ” ಎಂದಳು. ಕರಿಬಸಮ್ಮ ಅದನ್ನು ತಾಳಿಸರದ ಪಕ್ಕದಲ್ಲಿ ದಾರಕ್ಕೆ ಕಟ್ಟಿಕೊಂಡಿದ್ದಾಳೆ. ಹಾಸು ತೊಳೆಯುವಾಗ ಅದು ಬಿಸಿಲಿಗೆ ಹೊಳೆಯುತ್ತದೆ. ಈಗ ಊರಿನ ನಾಲ್ಕೈದು ಮನೆಗಳಲ್ಲಿ ಹೀಗೆ ಕವಡೆ ಕೊಡುವ ರೂಢಿ ಬೆಳೆದಿದೆ.

ಆ ವರ್ಷದ ಪಂಚಾಂಗದಲ್ಲಿ ನಾನು ಹದಿನಾರನೆಯ ತಿಥಿಯೊಂದನ್ನು ಸೇರಿಸಿದೆ. ಹುಣ್ಣಿಮೆ ಮುಗಿದು ಬಹುಳ ಪಾಡ್ಯ ಕಾಲಿಡುವುದರೊಳಗೆ ಒಂದು ಖಾಲಿ ಚೌಕ. ಅದಕ್ಕೆ ನಕ್ಷತ್ರವಿಲ್ಲ, ಯೋಗವಿಲ್ಲ, ಕರಣವಿಲ್ಲ. ಆ ದಿನ ಮನೆಯಲ್ಲಿ ಒಬ್ಬರನ್ನೊಬ್ಬರು ಕರಿಬಸಮ್ಮ ವಿಚಾರಿಸಿದಂತೆ ವಿಚಾರಿಸಬೇಕೆಂದು ಕೆಳಗೆ ಬರೆದೆ. ಪಂಡಿತರು ಬೈದರು. ಉತ್ಪಲೆ ನಕ್ಕಳು: “ತಿಂಗಳಿಗೊಂದು ದಿನ ಗೊತ್ತು ಮಾಡಿದ್ರೆ ಉಳಿದ ದಿನ ಮತ್ತೆ ನಿರ್ಭಯ ಅಂತ ಮಲಗ್ತೀರಿ, ಅಜ್ಜ. ಬುದ್ಧಿ ಬರಲಿಲ್ಲ ನಿಮಗೆ.” ಅವಳು ಹೇಳಿದ್ದು ದಿಟ. ಆದ್ದರಿಂದ ಈಗ ಆ ಚೌಕವನ್ನು ಖಾಲಿಯೇ ಅಚ್ಚು ಮಾಡಿ, ಯಾವ ದಿನದ ಪಕ್ಕಕ್ಕಾದರೂ ಅಂಟಿಸಿಕೊಳ್ಳುವಂತೆ ಕೊಡುತ್ತೇವೆ. ಈ ಕಾಗದಕ್ಕೆ ನಾನು ಅಂಟಿಸಿಕೊಂಡದ್ದು ಇಂದಿನ ಹುಣ್ಣಿಮೆಯ ಪಕ್ಕಕ್ಕೆ.

ಶಿವರಾತ್ರಿಯ ಪ್ರವಚನವನ್ನು ಬಿಟ್ಟಿಲ್ಲ. ಅದರ ಅರ್ಥವನ್ನು ತಿದ್ದಿಕೊಂಡಿದ್ದೇನೆ. ಸ್ವಾಮಿಯ ಒಂದು ಪಾದ ವ್ಯಾಧಿಯನ್ನು ಒತ್ತಿ ಹಿಡಿದಿದೆ, ವ್ಯಾಧಿಗ್ರಸ್ತರನ್ನಲ್ಲ. ಇನ್ನೊಂದು ಪಾದ ಎತ್ತಿದೆ. ಶರಣು ಬಂದವರಿಗೆ ಇರುವುದು ಆ ಎತ್ತಿದ ಪಾದದ ನೆರಳು. ಅರುವತ್ತು ವರ್ಷ ನಾನು ಆ ವಿಗ್ರಹದ ಅರ್ಧವನ್ನಷ್ಟೇ ಕಂಡಿದ್ದೆ.

ಇನ್ನು ಈ ಕಾಗದಕ್ಕೆ ಕಾರಣವಾದ ಸಂಗತಿ. ಮೊನ್ನೆ ಉತ್ಪಲೆ ಹಳೆಯ ಪೆಟ್ಟಿಗೆ ತೆಗೆದು ತಮ್ಮ ವಿಶ್ವಾವಸುವಿನ ಪಂಚಾಂಗವನ್ನು ಓದಿದಳು. ಕಾರ್ತಿಕ ಅಮಾವಾಸ್ಯೆಯ ಎದುರು ಕೊನೆಯ ‘ಮೂ’ ಇದೆ. ಅಲ್ಲಿಂದ ಮುಂದೆ ಸಾಲುಸಾಲಾಗಿ ನಿರ್ಭಯ. ಪುಷ್ಯ ಬಹುಳ ಅಷ್ಟಮಿಯ ಎದುರು ತಾವು ಹೀಗೆ ಬರೆದಿದ್ದೀರಿ: ‘ಐವತ್ತೊಂದು ದಿನ ನಿರ್ಭಯ. ಚಂದ್ರಮೌಳಿ ತನ್ನ ಕೈಗಡಿಯಾರವನ್ನು ಅಂಬಕ್ಕನಿಗೆ ಕೊಟ್ಟ. ಮನಸ್ಸು ಬಹಳ ಶಾಂತವಾದಂತಿದೆ. ದೇವರ ದಯೆ.’ ಮರುದಿನ ನವಮಿ. ಅದರ ಎದುರು ಏನೂ ಇಲ್ಲ. ಆಮೇಲಿನ ಯಾವ ದಿನದ ಎದುರೂ ಏನೂ ಇಲ್ಲ. ವಂಶಾವಳಿಯನ್ನು ಬಿಚ್ಚಿ ನೋಡಿದೆವು. ತಮ್ಮ ಶ್ರಾದ್ಧದ ತಿಥಿಯಿದೆ, ತಮ್ಮ ಅಕ್ಕ ಅಂಬಕ್ಕನದಿದೆ. ಊರಿಗೆಲ್ಲ ತಿಥಿ ಹೇಳುವ ನಮ್ಮ ಮನೆಯಲ್ಲಿ ಚಂದ್ರಮೌಳಿಯದು ಮಾತ್ರ ಇಲ್ಲ. ಮದುವೆಯಾದನೆಂದಾಗಲಿ, ಊರು ಬಿಟ್ಟನೆಂದಾಗಲಿ, ಮುದುಕನಾದನೆಂದಾಗಲಿ ಒಂದಕ್ಷರವಿಲ್ಲ. “ಗಡಿಯಾರ ಕೊಟ್ಟ ಮೇಲೆ ಏನಾಯ್ತು, ಅಜ್ಜ?” ಎಂದು ಉತ್ಪಲೆ ಕೇಳಿದಳು. ಅವಳ ಬೆರಳು ನವಮಿಯ ಚೌಕದ ಮೇಲಿತ್ತು. “ಅವರಿಗೆ ಬರೀರಿ. ತಲುಪುತ್ತದೋ ಇಲ್ಲವೋ ಆಮೇಲಿನ ಮಾತು” ಎಂದಳು.

ಆದ್ದರಿಂದ ಬರೆದಿದ್ದೇನೆ. ಇದನ್ನು ಅದೇ ಪುಟದ ನಡುವೆ, ಅಷ್ಟಮಿ ನವಮಿಗಳ ಮಧ್ಯದಲ್ಲಿಡುತ್ತೇನೆ. ತಾವು ಮುಂದಿನ ದಿನಕ್ಕೆ ನಿರ್ಭಯವೆಂದು ಬರೆಯಲು ಆ ಪುಟ ತೆಗೆದಾಗ ಸಿಕ್ಕೀತೆಂಬ ಆಸೆ.

ಪೂಜ್ಯರೇ, ಸಿಕ್ಕಿದರೆ ಲೇಖನಿಯನ್ನು ಕೆಳಗಿಡಿ. ಗಣಿತ ಕಾಯುತ್ತದೆ, ಸಂಧ್ಯಾವಂದನೆಯೂ ಕಾಯುತ್ತದೆ. ಎದ್ದು ಚಂದ್ರಮೌಳಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ಬಿದ್ದೆಯಾ ಎಂದು ವಿಚಾರಿಸಬೇಡಿ. ಬದುಕು ಸಾಕೆನಿಸಿದೆಯೇ, ಸಾಯಬೇಕೆನಿಸಿದೆಯೇ ಎಂದು ವಿಚಾರಿಸಿ. ಬಾಯಿಗೆ ಆ ಶಬ್ದ ಬಾರದಿದ್ದರೆ ಒಂದು ಸಲ ನುಂಗಿಕೊಂಡು ಮತ್ತೆ ಪ್ರಯತ್ನಿಸಿ. ಅವನು ಹೌದೆಂದರೆ ಬುದ್ಧಿ ಹೇಳಬೇಡಿ, ಶಾಸ್ತ್ರ ಹೇಳಬೇಡಿ, ನಿನಗಾಗಿ ಇಷ್ಟೆಲ್ಲ ಮಾಡಿದೆವಲ್ಲ ಎನ್ನಬೇಡಿ. ಕೈ ಹಿಡಿದುಕೊಂಡು, ಒಬ್ಬನನ್ನೇ ಬಿಡದೆ, ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ. ಅವನ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬೇಡಿ. ಇಂಥ ಮಾತಿಗೆ ಹಗಲಿರುಳು ಕಿವಿಗೊಡುವವರು ತಮ್ಮ ಕಾಲದ ದೂರವಾಣಿಯ ತುದಿಯಲ್ಲಿಯೂ ಇದ್ದರೆಂದು ಓದಿದ್ದೇನೆ, ಅವರಿಗೂ ಹೇಳಿ. ಅಂಬಕ್ಕನಿಗೆ ಗಡಿಯಾರವನ್ನು ಮರಳಿ ತರಲು ಹೇಳಿ. ಇಲ್ಲವೆಂದರೂ ನಾಳೆ ಮತ್ತೆ ವಿಚಾರಿಸಿ.

ನಾಳೆಯಿಂದ ಪ್ರತಿದಿನ ಪೂಜೆ ಮುಗಿದ ಮೇಲೆ ಉತ್ಪಲೆ, ಕರಿಬಸಮ್ಮ ಮತ್ತು ನಾನು ಪುಷ್ಯ ಬಹುಳ ನವಮಿಯ ಪುಟವನ್ನು ತೆರೆದು ನೋಡುತ್ತೇವೆ. ಇನ್ನೂರ ಹದಿನೇಳು ವರ್ಷಗಳ ಹಿಂದಿನ ಮಸಿ ಈಗ ಅಲ್ಲಿ ಮೂಡೀತೆಂದು ಎದುರು ನೋಡುವುದು ಪಂಚಾಂಗದವನಿಗೆ ತಕ್ಕ ನಡತೆಯಲ್ಲವೆಂದು ಬಲ್ಲೆ. ಆದರೂ ನೋಡುತ್ತೇವೆ. ತಾವು ಹೆಚ್ಚೇನೂ ಬರೆಯಬೇಕಾಗಿಲ್ಲ. ನಮ್ಮ ಭಾಷೆಯಲ್ಲಿ ಪ್ರಶ್ನೆ ಮಾಡುವುದಕ್ಕೂ ಕಿವಿಗೊಡುವುದಕ್ಕೂ ಇರುವುದು ಒಂದೇ ಮಾತು. ನವಮಿಯ ಅಂಚಿನ ಆ ಖಾಲಿ ಜಾಗದಲ್ಲಿ ಮೂರು ಅಕ್ಷರ ಬರೆದರೆ ನಮಗೆ ಸಾಕು.

ಕೇಳಿದೆ.